ಹುಣಸೂರು ಸೀಮೆ: 20ನೇ ಶತಮಾನದ ಜನಜೀವನ ಮತ್ತು ಸಾಮಾಜಿಕ ಪರಿವರ್ತನೆ

ಮೈಸೂರು ಜಿಲ್ಲೆಯ ಪಶ್ಚಿಮದಲ್ಲಿ, ಕೊಡಗು, ಹಾಸನ ಮತ್ತು ವಯನಾಡಿನ ಗಡಿಗಳಿಗೆ ತಾಗಿಕೊಂಡಂತೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿವೆ. ಕಂದಾಯ ಆಡಳಿತದಲ್ಲಿ ಇವು ನಾಲ್ಕೂ ಸೇರಿ ಹುಣಸೂರು ಉಪವಿಭಾಗ. ಈಚೆಗೆ ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಹೆಗ್ಗಡದೇವನಕೋಟೆಯಿಂದ ಸರಗೂರೂ ಬೇರೆ ತಾಲ್ಲೂಕುಗಳಾಗಿವೆ. ಇಲ್ಲಿ ಅವನ್ನು ತಾಯಿ ತಾಲ್ಲೂಕಿನೊಂದಿಗೇ ಸೇರಿಸಿ ಹೇಳಲಾಗಿದೆ.

1900ರಿಂದ 2000ದವರೆಗಿನ ನೂರು ವರ್ಷಗಳಲ್ಲಿ ಈ ಸೀಮೆಯ ಬೆಳೆ, ಊಟ, ಉಡುಪು, ಮನೆ ಎಲ್ಲವೂ ಬದಲಾದವು. ಅವೆಲ್ಲಕ್ಕಿಂತ ಆಳದಲ್ಲಿ ನಡೆದ ಬದಲಾವಣೆ ನೆಲೆಯದು. ಹೊಳೆ ಉಕ್ಕಿ ಒಂದು ಪಟ್ಟಣವೇ ಜಾಗ ಬಿಟ್ಟು ಎದ್ದಿತು. ಅಣೆಕಟ್ಟಿನ ಹಿನ್ನೀರಿಗೆ ಊರುಗಳು ಮುಳುಗಿದವು. ಗೇಣಿಗೆ ಉಳುತ್ತಿದ್ದವನ ಹೆಸರು ಪಹಣಿಯಲ್ಲಿ ಕೂತಿತು. ಹಿಮಾಲಯದ ಆಚೆಯಿಂದ ನೆಲೆ ಕಳೆದುಕೊಂಡು ಬಂದವರಿಗೆ ಇಲ್ಲಿ ಜಾಗ ಸಿಕ್ಕಿತು. ಅದೇ ಕಾಲದಲ್ಲಿ, ತಲೆತಲಾಂತರದಿಂದ ಕಾಡಿನಲ್ಲೇ ಇದ್ದವರು ಕಾಡಿನಿಂದ ಹೊರಬಿದ್ದರು. ಯಾರಿಗೆ ನೆಲ ದಕ್ಕಿತು, ಯಾರಿಗೆ ತಪ್ಪಿತು ಎಂದು ಕೇಳಿಕೊಂಡರೆ ಈ ಸೀಮೆಯ ನೂರು ವರ್ಷದ ಬದುಕು ಕಣ್ಣಿಗೆ ಕಟ್ಟುತ್ತದೆ.

ನೆಲ ಮತ್ತು ಜನ

ಮಲೆನಾಡಿನ ಅಂಚಿನಲ್ಲಿ ಹುಟ್ಟಿ ಬಯಲಿಗೆ ಇಳಿಯುವ ಅರೆಮಲೆನಾಡು ಇದು. ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಕಾವೇರಿ ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರಗಳನ್ನು ಹಾದುಹೋಗುತ್ತಾಳೆ. ಕೊಡಗಿನಲ್ಲಿ ಹುಟ್ಟಿದ ಲಕ್ಷ್ಮಣತೀರ್ಥ ಹುಣಸೂರನ್ನು ಬಳಸಿ ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುತ್ತದೆ. ವಯನಾಡಿನಿಂದ ಬರುವ ಕಬಿನಿ, ಅಂದರೆ ಕಪಿಲೆ, ಹೆಗ್ಗಡದೇವನಕೋಟೆಯ ಹೊಳೆ. ಹೊಳೆದಂಡೆಯಲ್ಲಿ ಭತ್ತದ ಗದ್ದೆ, ಏರುನೆಲದ ಕೆಂಪು ಮಣ್ಣಿನಲ್ಲಿ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು. ಅದರಾಚೆಗೆ ನಾಗರಹೊಳೆ, ಕಾಕನಕೋಟೆಗಳ ಕಾಡು.

ಒಕ್ಕಲಿಗರು, ಲಿಂಗಾಯತರು, ಕುರುಬರು, ನಾಯಕರು, ದಲಿತರು, ಉಪ್ಪಾರರು ಹಳ್ಳಿಗಳಲ್ಲಿ ಹರಡಿಕೊಂಡಿದ್ದಾರೆ. ಹುಣಸೂರಿನ ಆಸುಪಾಸಿನಲ್ಲಿ ಅರಸು ಮನೆತನಗಳು, ಪೇಟೆಯಲ್ಲಿ ಮುಸ್ಲಿಮರು, ಸಾಲಿಗ್ರಾಮ ಮತ್ತು ಮಿರ್ಲೆಯಂಥ ಊರುಗಳಲ್ಲಿ ಅಗ್ರಹಾರದ ಬ್ರಾಹ್ಮಣರು ಇದ್ದರು. ಕಾಡು ಮತ್ತು ಕಾಡಂಚಿನ ಹಾಡಿಗಳು ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗರವು.

ಶತಮಾನದ ಮೊದಲ ದಶಕಗಳು

19ನೇ ಶತಮಾನದಲ್ಲಿ ಹುಣಸೂರು ಬ್ರಿಟಿಷ್ ಸೈನ್ಯದ ಸರಬರಾಜು ಕೇಂದ್ರವಾಗಿತ್ತು. ತೋಪಿನ ಗಾಡಿ ಎಳೆಯುವ ಅಮೃತಮಹಲ್ ಎತ್ತುಗಳ ಸಾಕಣೆ, ಚರ್ಮ ಹದಮಾಡುವ ಕೆಲಸ, ಕಂಬಳಿ ನೇಯ್ಗೆ, ಗಾಡಿ ತಯಾರಿಕೆ ಇಲ್ಲಿ ನಡೆಯುತ್ತಿದ್ದವು. 20ನೇ ಶತಮಾನ ಹುಟ್ಟುವ ಹೊತ್ತಿಗೆ ಆ ದರ್ಬಾರು ಇಳಿದಿತ್ತು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯ ಸಂತೆಪೇಟೆಯಾಗಿ, ಕೊಡಗಿನ ಕಾಫಿ ಮತ್ತು ಕಾಡಿನ ಮರಮುಟ್ಟು ಬಂದು ಇಳಿಯುವ ತಾಣವಾಗಿ ಊರು ಉಳಿಯಿತು.

ಹಳ್ಳಿಗಳಲ್ಲಿ ಪಟೇಲ ಮತ್ತು ಶಾನುಭೋಗರ ಆಡಳಿತ. ಕೆರೆಕಾಲುವೆಯ ನೀರು ಹಂಚುವವನು ನೀರಗಂಟಿ. ಕಾವಲಿಗೆ, ಓಲೆ ಒಯ್ಯಲಿಕ್ಕೆ ತಳವಾರ ಮತ್ತು ತೋಟಿ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕರಿಗೆ ಕೂಲಿ ದುಡ್ಡಿನಲ್ಲಿ ಸಲ್ಲುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಆಯ ಎತ್ತಿಕೊಂಡು ಹೋಗುತ್ತಿದ್ದರು. ನಾಟಿಗೆ, ಕುಯ್ಲಿಗೆ ಮನೆಮನೆಯವರು ಮುಯ್ಯಾಳಾಗಿ ಒಬ್ಬರಿಗೊಬ್ಬರು ಒದಗುತ್ತಿದ್ದರು. ಭೂಮಿ ಇಲ್ಲದ ದಲಿತ ಮನೆಗಳ ಪಾಡು ಬೇರೆ. ಮದುವೆಗೋ ಕಾಯಿಲೆಗೋ ತಂದ ಅಲ್ಪ ಸಾಲಕ್ಕೆ ಮನೆಯ ಹುಡುಗ ಗೌಡರ ಮನೆಯಲ್ಲಿ ಜೀತಕ್ಕೆ ನಿಲ್ಲುತ್ತಿದ್ದ. ದನ ಮೇಯಿಸುವುದರಿಂದ ತೊಡಗಿ, ಮೀಸೆ ಮೂಡಿ ಆರು ಕಟ್ಟುವವರೆಗೂ ಅವನು ಅದೇ ಮನೆಯ ಆಳು. ಸಾಲ ಮಾತ್ರ ತೀರುತ್ತಿರಲಿಲ್ಲ.

ಬರಗಾಲಕ್ಕೆ ಜನ ಕಂಡುಕೊಂಡ ಆಸರೆ ಹಗೇವು. ಊರ ಮುಂದಿನ ಗಟ್ಟಿನೆಲದಲ್ಲಿ ತೋಡಿದ ಈ ನೆಲಗುಳಿಗೆ ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಹಗೇವು ತೆಗೆದ ದಿನ ಒಳಗಿನ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯಬೇಕು. ಉರಿಯುವ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುವುದು. ಉಸಿರುಗಟ್ಟಿ ಸತ್ತವರ ನೆನಪು ಎಷ್ಟೋ ಊರುಗಳಲ್ಲಿದೆ. ಮನೆ ಮನೆಯ ಹಗೇವು ಮುಚ್ಚಿ ಗೋಣಿಚೀಲ ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ.

ಹೊಳೆ, ಅಣೆ, ಮುಳುಗಡೆ

ಕೃಷ್ಣರಾಜನಗರದ ಮೊದಲ ಹೆಸರು ಎಡತೊರೆ. ಕಾವೇರಿಯ ದಡದಲ್ಲಿ, ಅರ್ಕೇಶ್ವರ ದೇವಾಲಯದ ಸುತ್ತ ಬೆಳೆದ ಊರು ಅದು. 1924ರ ಜುಲೈಯಲ್ಲಿ ದಕ್ಷಿಣ ಭಾರತವನ್ನೇ ನಡುಗಿಸಿದ ಕಾವೇರಿಯ ಮಹಾಪೂರ ಎಡತೊರೆಯನ್ನೂ ಬಿಡಲಿಲ್ಲ. ಪ್ರವಾಹದ ತರುವಾಯ ಎತ್ತರದ ನೆಲದಲ್ಲಿ ನೇರ ಬೀದಿಗಳ ಹೊಸ ಪಟ್ಟಣ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಅದಕ್ಕೆ ಬಂತು. ಅರ್ಕೇಶ್ವರ ಮಾತ್ರ ಹಳೆ ಎಡತೊರೆಯಲ್ಲೇ, ಹೊಳೆಯ ಮಗ್ಗುಲಲ್ಲೇ ಉಳಿದ. ಮೈಸೂರು–ಅರಸೀಕೆರೆ ರೈಲುದಾರಿ ಈ ಊರನ್ನು ಮುಟ್ಟಿದ್ದರಿಂದ ಅಕ್ಕಿ ಗಿರಣಿಗಳು ಬೆಳೆದವು. ಉಳಿದ ಮೂರು ತಾಲ್ಲೂಕು ಕೇಂದ್ರಗಳಿಗೆ ಶತಮಾನ ಮುಗಿದರೂ ರೈಲು ಬರಲಿಲ್ಲ.

1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ 1930ರ ದಶಕದ ಆರಂಭಕ್ಕೆ ಮುಗಿಯಿತು. ಅದರ ನಾಲೆ ಮಂಡ್ಯಕ್ಕೆ ಹಸಿರು ತಂದರೆ, ಅದರ ಹಿನ್ನೀರು ಎಡತೊರೆ ಸೀಮೆಯ ಹೊಳೆದಂಡೆಯ ನೆಲವನ್ನು ಮುಳುಗಿಸಿತು. ಕೃಷ್ಣರಾಜನಗರಕ್ಕೆ ಭತ್ತದ ಕಣಜವೆಂಬ ಹೆಸರು ಬಂದದ್ದು ಈ ದೊಡ್ಡ ಕಟ್ಟೆಯಿಂದಲ್ಲ. ಕಾವೇರಿಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ತಗ್ಗು ಅಣೆಗಳಿಂದ ಹೊರಟ ಚಾಮರಾಜ ನಾಲೆ, ಮಿರ್ಲೆ ನಾಲೆಗಳ ಪುಣ್ಯ ಅದು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಹನಗೋಡು ಅಣೆ, ಕಟ್ಟೆಮಳಲವಾಡಿ ಅಣೆಗಳೂ ಅಂಥವೇ. ಕೊಡಗಿನ ಹಾರಂಗಿ ಅಣೆಕಟ್ಟು 1982ರಲ್ಲಿ ಮುಗಿದು ಅದರ ನಾಲೆ ಪಿರಿಯಾಪಟ್ಟಣದ ಕಡೆಗೂ ನೀರು ತಂದಿತು.

ಹೆಗ್ಗಡದೇವನಕೋಟೆಯಷ್ಟು ಅಣೆಕಟ್ಟು ಕಂಡ ತಾಲ್ಲೂಕು ಜಿಲ್ಲೆಯಲ್ಲಿ ಇನ್ನೊಂದಿಲ್ಲ: ನುಗು, ಕಬಿನಿ, ತಾರಕ, ಹೆಬ್ಬಳ್ಳ. ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನ ಕೆಲಸ 1959ರಲ್ಲಿ ಮೊದಲಾಗಿ 1974ರಲ್ಲಿ ಮುಗಿಯಿತು, 19.52 ಟಿಎಂಸಿ ಅಡಿ ನೀರು ಅದರಲ್ಲಿ ನಿಲ್ಲುತ್ತದೆ. ಪುನ್ನಾಟರ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ ಕಿತ್ತೂರು, ಕಾಡಾನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಹೊಳೆಯ ಇಳಿಜಾರು, ಊರು, ಗದ್ದೆ, ಕಾಡು ನೀರಿನಡಿ ಸೇರಿದವು. ಆದರೆ ಬಲದಂಡೆಯ ನಾಲೆ ಹೋಗಿ ಉಣಿಸಿದ್ದು ನಂಜನಗೂಡು, ತಿ. ನರಸೀಪುರ, ಚಾಮರಾಜನಗರ ಕಡೆಯ ಗದ್ದೆಗಳನ್ನು. ನೆಲ ಕೊಟ್ಟ ಹೆಗ್ಗಡದೇವನಕೋಟೆಯ, ಜನರ ಬಾಯಲ್ಲಿ ಬರೀ ಕೋಟೆಯ, ರೈತ ಮಳೆ ನೋಡಿಕೊಂಡೇ ರಾಗಿ ಬಿತ್ತಿದ. ಬೇಸಗೆಯಲ್ಲಿ ಹಿನ್ನೀರು ತಗ್ಗಿದಾಗ ಹಳೆಯ ಊರಿನ ಕಲ್ಲುಕಟ್ಟಡ ತಲೆ ಎತ್ತುತ್ತದೆ. ಬೇರೆ ಕಡೆ ನೆಲೆಸಿದವರು ಬಂದು, ನಮ್ಮ ಮನೆ ಇಲ್ಲಿತ್ತು, ಬಾವಿ ಅಲ್ಲಿತ್ತು ಎಂದು ಮಕ್ಕಳಿಗೆ ತೋರಿಸುತ್ತಾರೆ.

ಕಾಯಿಲೆ, ಮದ್ದು, ಆಸ್ಪತ್ರೆ

1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಮುಂದಿನ ಹಲವು ದಶಕ ಮರುಕಳಿಸುತ್ತಲೇ ಇತ್ತು. ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲದಲ್ಲಿ ಗುಡಿಸಲು ಹೂಡುತ್ತಿತ್ತು. 1918ರ ಇನ್‌ಫ್ಲುಯೆಂಜಾ ಅದಕ್ಕಿಂತ ಬೇಗ ಜನರನ್ನು ಒಯ್ದಿತು.

ಕಾಡಂಚಿನ ಊರುಗಳನ್ನು ಹಿಂಡಿದ್ದು ಮಲೇರಿಯಾ, ಜನರ ಬಾಯಲ್ಲಿ ಚಳಿಜ್ವರ. ಅದರ ಹೆದರಿಕೆಗೆ ಹೆಗ್ಗಡದೇವನಕೋಟೆಗೆ ವರ್ಗವಾಗುವುದನ್ನು ನೌಕರರು ಶಿಕ್ಷೆಯೆಂದೇ ಬಗೆಯುತ್ತಿದ್ದರು. ಹೆಣ್ಣು ಕೊಡುವವರೂ ಹಿಂದುಮುಂದು ನೋಡುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಸಿಂಪಡಣೆ ಬಂತು; 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಗೋಡೆಯ ಮೇಲೆ ಸಿಂಪಡಿಸಿದ ತಾರೀಖು ಬರೆದು ಹೋಗುವ ಮಲೇರಿಯಾದವರು ಮನೆಮನೆಗೆ ಪರಿಚಿತರಾದರು. ಜ್ವರ ತಗ್ಗಿದ ಮೇಲೆಯೇ ಹೊರಗಿನ ಬೇಸಾಯಗಾರರು ಈ ಕಡೆ ಧೈರ್ಯವಾಗಿ ನೆಲೆಸಿದ್ದು, ಕಾಡಿನ ಅಂಚು ಹೊಲವಾಗಿದ್ದು. ಸೊಳ್ಳೆ ಕಾಯುತ್ತಿದ್ದ ಕಾಡನ್ನು ಡಿಡಿಟಿ ಬಯಲು ಮಾಡಿತೆಂದರೂ ಸಲ್ಲುತ್ತದೆ.

ದೊಡ್ಡ ಕಾಯಿಲೆಗೆ ಮೈಸೂರಿನ ದೊಡ್ಡಾಸ್ಪತ್ರೆ ಅಥವಾ ಮಿಷನ್ ಆಸ್ಪತ್ರೆಯೇ ಗತಿಯಾಗಿತ್ತು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಕೋಟೆ ತಾಲ್ಲೂಕಿನ ಬ್ರಹ್ಮಗಿರಿ, ಕೆಂಚನಹಳ್ಳಿಗಳಲ್ಲಿ ಹಾಡಿಯ ಜನರಿಗೆ ಚಿಕಿತ್ಸೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ, ಸರಗೂರಿನಲ್ಲಿ ಆಸ್ಪತ್ರೆ ಹೀಗೆ ಅದು ಬೆಳೆಯಿತು.

ಗೇಣಿಯಿಂದ ಒಡೆತನಕ್ಕೆ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಡಿ. ದೇವರಾಜ ಅರಸರ ಊರು. 1915ರ ಆಗಸ್ಟ್ 20ರಂದು ಹುಟ್ಟಿದ ಅವರು ಬೆಂಗಳೂರಿನಲ್ಲಿ ಪದವಿ ಪಡೆದು ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೂ 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೂ ಆರಿಸಿಬಂದರು. 1972ರಲ್ಲಿ ಮುಖ್ಯಮಂತ್ರಿಯಾದರು, 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಅವರ ಕಾಲದಲ್ಲೇ.

ಅವರ ಸರ್ಕಾರ ತಿದ್ದಿದ ಭೂಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೇ ನಮೂನೆಯ ಅರ್ಜಿ ಹಾಕಿ ಅದನ್ನು ತನ್ನ ಹೆಸರಿಗೆ ಪಡೆಯಬಹುದಿತ್ತು. ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿದ್ದ ಭೂನ್ಯಾಯಮಂಡಳಿ ಅದನ್ನು ತೀರ್ಮಾನಿಸುತ್ತಿತ್ತು. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರನ ಕೈಯಲ್ಲಿ ರಸೀತಿ ಇರುತ್ತಿರಲಿಲ್ಲ, ಏಕೆಂದರೆ ಒಡೆಯ ರಸೀತಿ ಕೊಟ್ಟು ಗೇಣಿ ಪಡೆದದ್ದೇ ಇಲ್ಲ. ಪಕ್ಕದ ಹೊಲದವನು ಬಂದು, ಇವರಪ್ಪನ ಕಾಲದಿಂದ ಇವರೇ ಉಳುತ್ತಾರೆ ಎಂದು ಹೇಳುವ ಮಾತೇ ಸಾಕ್ಷಿ. ಆ ಮಾತು ಹೇಳಲು ಒಡೆಯನ ಮುಖ ನೋಡಿ ನಿಲ್ಲಬೇಕಿತ್ತು. ಹಾಗೆ ನಿಂತವರ ಎದೆಗಾರಿಕೆ ಕಾನೂನಿನಷ್ಟೇ ದೊಡ್ಡದು.

ಹಳೆ ಮೈಸೂರಿನಲ್ಲಿ ಸ್ವಂತ ಹೊಲದ ರೈತರೇ ಹೆಚ್ಚು. ಕರಾವಳಿಯಷ್ಟು ಗೇಣಿ ಇಲ್ಲಿರಲಿಲ್ಲ. ಆದ್ದರಿಂದ ಕಾಯ್ದೆಯ ಪರಿಣಾಮ ಎದ್ದು ಕಂಡದ್ದು ನಾಲೆ ಬಯಲಿನ ಗದ್ದೆಗಳಲ್ಲಿ, ಅಗ್ರಹಾರ ಮತ್ತು ಇನಾಂ ಹಳ್ಳಿಗಳಲ್ಲಿ. ವಾರಕ್ಕೆ ಕೊಟ್ಟಿದ್ದ ಗದ್ದೆ ಕೈತಪ್ಪಿದ ಅಗ್ರಹಾರದ ಹಲವು ಕುಟುಂಬಗಳು ಮೈಸೂರು, ಬೆಂಗಳೂರು ಸೇರಿದವು. ಕೆಲವರಿಗೆ ಅದೊಂದೇ ಜೀವನಾಧಾರವಾಗಿತ್ತು. ವಿಧವೆಯರು, ಅರ್ಚಕರು ಪಟ್ಟ ಕಷ್ಟವನ್ನೂ ಈ ಚರಿತ್ರೆ ಮರೆಯಬಾರದು.

ಇದರ ಮೊದಲೇ, 1961ರ ಕಾಯ್ದೆಯಿಂದ ಪಟೇಲ ಮತ್ತು ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು ರದ್ದಾಗಿ ಸಂಬಳದ ಗ್ರಾಮಲೆಕ್ಕಿಗ ಬಂದಿದ್ದ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. 1978ರ ಕಾಯ್ದೆ ದಲಿತರಿಗೆ, ಆದಿವಾಸಿಗಳಿಗೆ ಸರ್ಕಾರ ಕೊಟ್ಟ ಜಮೀನು ಪರಭಾರೆಯಾಗದಂತೆ ತಡೆಯಿತು. 1975ರ ಹಾವನೂರು ವರದಿ ಹಿಂದುಳಿದ ಜಾತಿಗಳ ಮಕ್ಕಳಿಗೆ ಹಾಸ್ಟೆಲು, ಕಾಲೇಜು, ನೌಕರಿಗಳ ಬಾಗಿಲು ತೆರೆಯಿತು. ಕೋಟೆ ತಾಲ್ಲೂಕಿನ ಕೆಲವೆಡೆ ಜೀತ ಬೇರೆ ಹೆಸರಿನಲ್ಲಿ ಶತಮಾನದ ಕೊನೆಯವರೆಗೂ ಉಳಿದದ್ದು ನಿಜ. ಗೋಮಾಳದಲ್ಲಿ, ಸರ್ಕಾರಿ ಬೀಳಿನಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿದವರು ಸಕ್ರಮದ ಚೀಟಿಗಾಗಿ 1990ರ ದಶಕದಲ್ಲೂ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು.

ಹೊಗೆಸೊಪ್ಪಿನ ಸಂಸಾರ

ಈ ಸೀಮೆಯ ರೈತರ ಕೈಗೆ ಒಟ್ಟಿಗೆ ದುಡ್ಡು ತೋರಿಸಿದ ಬೆಳೆ ವರ್ಜೀನಿಯಾ ಹೊಗೆಸೊಪ್ಪು. ಹುಣಸೂರಿನಲ್ಲಿ 1957ರಲ್ಲಿ ಕೇಂದ್ರ ಹೊಗೆಸೊಪ್ಪು ಸಂಶೋಧನಾ ಸಂಸ್ಥೆಯ ಕೇಂದ್ರ ಆರಂಭವಾಯಿತು. ಮಳೆಯಾಶ್ರಯದ ಕೆಂಪು ಮಣ್ಣು ಈ ಬೆಳೆಗೆ ಒಗ್ಗಿತು. ಹೊಗೆಸೊಪ್ಪು ಮಂಡಳಿ 1976ರಲ್ಲಿ ಕೆಲಸ ಶುರುಮಾಡಿತು. 1984ರಿಂದ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂತು. ಕಟ್ಟೆಮಳಲವಾಡಿ, ಕಂಪಲಾಪುರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹರಾಜು ಕಟ್ಟೆಗಳು ಇಡೀ ಸೀಮೆಯ ಮದುವೆ, ಮನೆ, ಸಾಲದ ಗಡುವುಗಳನ್ನು ನಿರ್ಧರಿಸುವ ಜಾಗಗಳಾದವು.

ಬೇಸಗೆಯಲ್ಲಿ ಸಸಿಮಡಿ, ಮುಂಗಾರಿಗೆ ಮುನ್ನಿನ ಮಳೆಗೆ ನಾಟಿ, ಆಷಾಢ ಮತ್ತು ಶ್ರಾವಣದಲ್ಲಿ ಸೊಪ್ಪು ಮುರಿಯುವ ಕೆಲಸ. ಬುಡದ ಎಲೆ ಮೊದಲು ಹಣ್ಣಾಗುವುದರಿಂದ ಕೆಳಗಿನಿಂದ ಮೇಲಕ್ಕೆ, ವಾರಕ್ಕೊಮ್ಮೆಯಂತೆ ಮುರಿಯುತ್ತಾರೆ. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಎಲೆ ಮೈಗೆ ತಾಗಿದರೆ ಅಂಟು ಹಿಡಿಯುತ್ತದೆ, ತಲೆ ಸುತ್ತಿ ವಾಂತಿಯಾಗುತ್ತದೆ. ಮುರಿದ ಸೊಪ್ಪನ್ನು ಹೆಂಗಸರು ನೆರಳಲ್ಲಿ ಸಾಲಾಗಿ ಕೂತು ಕಡ್ಡಿಗೆ ಕಟ್ಟುತ್ತಾರೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನ ಒಳಗೆ ಅಂತಸ್ತು ಅಂತಸ್ತಾಗಿ ಏರಿಸುವುದು ಗಂಡಸರ ಕೆಲಸ.

ಬ್ಯಾರನ್ ಎಂದರೆ ಹೆಂಚಿನ ಮಾಡಿನ, ಕಿಟಕಿಯಿಲ್ಲದ ಎತ್ತರದ ಚೌಕ ಮನೆ. ಹೊರಗಡೆ ಒಲೆ, ಅದರ ಬಿಸಿ ಕಬ್ಬಿಣದ ಕೊಳವೆಯಲ್ಲಿ ಒಳಗೆಲ್ಲ ಸುತ್ತಿ ಬರುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಮೊದಲು ಹದ ಉರಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಆ ಬಣ್ಣ ನಿಲ್ಲಬೇಕು, ಕೊನೆಗೆ ಜೋರು ಉರಿಯಲ್ಲಿ ನಡುದಂಟು ಒಣಗಬೇಕು. ಐದಾರು ದಿನ ಹಗಲೂ ರಾತ್ರಿ ಉರಿ ಏರುಪೇರಾಗಕೂಡದು. ಗಂಡ ಮುಂರಾತ್ರಿ ಕಾದರೆ ಹೆಂಡತಿ ಹಿಂರಾತ್ರಿ ಕಾಯುತ್ತಾಳೆ; ಒಲೆಯ ಮುಂದೆಯೇ ಗೋಣಿತಟ್ಟು ಹಾಸಿ, ಗೋಡೆಯ ಸಣ್ಣ ಗಾಜಿನ ಕಂಡಿಯಲ್ಲಿ ಶಾಖದ ಕಡ್ಡಿ ನೋಡಿ ಸೌದೆ ತಳ್ಳುತ್ತಾರೆ. ಒಂದು ಕಡ್ಡಿ ಜಾರಿ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನಿಗೇ ಬೆಂಕಿ.

ಒಂದು ಕಿಲೊ ಸೊಪ್ಪು ಹದವಾಗಲು ನಾಲ್ಕೈದು ಕಿಲೊ ಸೌದೆ ಬೇಕು. ಹೊಲದ ಬದುವಿನ ಮರಗಳು ಮೊದಲು ಹೋದವು. ಆಮೇಲೆ ಊರ ತೋಪು, ಕಾಡಂಚು. ಪರವಾನಗಿ, ಬ್ಯಾಂಕ್ ಸಾಲ, ಗೊಬ್ಬರ, ದರ್ಜೆ, ಬೆಲೆ ಎಲ್ಲವೂ ದೂರದ ಖರೀದಿದಾರನ ಮೇಲೆ ನಿಂತಿದ್ದರಿಂದ, ಹರಾಜಿನಲ್ಲಿ ದರ ಕುಸಿದ ದಿನ ರೈತರು ಹೆದ್ದಾರಿಗೆ ಇಳಿದರು. ಹಾಗಿದ್ದರೂ ತಾರಸಿ ಮನೆ, ಹೆಣ್ಣುಮಕ್ಕಳ ಓದು, ಮೋಟಾರ್ ಬೈಕು ಬಂದದ್ದು ಇದೇ ಸೊಪ್ಪಿನಿಂದ ಎಂಬುದನ್ನು ಇಲ್ಲಿನ ಯಾವ ರೈತನೂ ಅಲ್ಲಗಳೆಯುವುದಿಲ್ಲ.

ಬೈಲಕುಪ್ಪೆ: ಹೊರಗಿನಿಂದ ಬಂದವರ ನೆಲೆ

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಟಿಬೆಟ್‌ನ ನಿರಾಶ್ರಿತರಿಗೆ ಜಾಗ ಕೊಡಿರೆಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದರು. ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಗೆ ಬಂದ ಮೊದಲ ತಂಡಗಳು ಡೇರೆಗಳಲ್ಲಿದ್ದು ಕಾಡು ಕಡಿದವು. ಆನೆ, ಬಿಸಿಲು, ಜ್ವರಗಳಿಗೆ ಹಲವರು ಬಲಿಯಾದರು. ಅವರ ಮುಸುಕಿನ ಜೋಳದ ಹೊಲ, ಟ್ರಾಕ್ಟರಿನ ಸಹಕಾರ ಸಂಘ ನೆರೆಯ ಹಳ್ಳಿಗಳಿಗೆ ಹೊಸ ನೋಟಗಳಾಗಿದ್ದವು.

1963ರಲ್ಲಿ ಪೆನೋರ್ ರಿಂಪೋಚೆ ನಾಮ್‌ಡ್ರೋಲಿಂಗ್ ಮಠ ಸ್ಥಾಪಿಸಿದರು. 1969ರಲ್ಲಿ ಎರಡನೆಯ ಶಿಬಿರ ಬಂತು; 1970ರ ಸುಮಾರಿಗೆ ಸೆರಾ ಮಠ ಇಲ್ಲಿ ಮರಳಿ ತಲೆ ಎತ್ತಿತು; 1970ರ ದಶಕದ ಮೊದಲಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ನೆಲೆಯಾಯಿತು. 1999ರಲ್ಲಿ ತೆರೆದ ಚಿನ್ನದ ದೇಗುಲ ಪ್ರವಾಸಿಗರನ್ನು ಕರೆತಂದಿತು. ಶಿಬಿರದ ಹೊಲದಲ್ಲಿ ಕೂಲಿಗೆ ಹೋದ ಪಿರಿಯಾಪಟ್ಟಣದ ಆಳುಗಳು ಟಿಬೆಟ್ ಮಾತು ಕಲಿತರು. ಶಿಬಿರದ ಮಕ್ಕಳು ಕನ್ನಡ ಕಲಿತರು. ನೆಲೆ ಕಳೆದುಕೊಂಡವರಿಗೆ ನೆಲ ಕೊಟ್ಟ ಈ ಅಧ್ಯಾಯ ಸೀಮೆಯ ಹೆಮ್ಮೆ.

ಕಾಡು ಮತ್ತು ಹಾಡಿ

ಕಾಕನಕೋಟೆಯ ಖೆಡ್ಡಾ ಮೈಸೂರು ಅರಮನೆಯ ವೈಭವಗಳಲ್ಲೊಂದು. ಕಾಡಾನೆಗಳ ಹಿಂಡನ್ನು ಬೆದರಿಸಿ ಕಬಿನಿ ಹೊಳೆ ದಾಟಿಸಿ ಬೇಲಿಯೊಳಗೆ ಕೂಡುವುದನ್ನು ನೋಡಲು ವೈಸರಾಯ್‌ಗಳು, ರಾಜಕುಮಾರರು ಬರುತ್ತಿದ್ದರು. ಆನೆಯ ಹೆಜ್ಜೆ ಹಿಡಿದವರು, ಹಿಂಡು ಸುತ್ತುಗಟ್ಟಿದವರು, ಹಿಡಿದ ಆನೆಯನ್ನು ಮಾತಿಗೆ ಬಗ್ಗಿಸಿದವರು ಜೇನುಕುರುಬರು ಮತ್ತು ಬೆಟ್ಟಕುರುಬರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮೂರು ವರ್ಷದಲ್ಲಿ ಆ ಜಾಗ ಹಿನ್ನೀರಾಯಿತು.

ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರ ಬಂಡೀಪುರ ಹುಲಿ ಯೋಜನೆ, 1980ರ ದಶಕದಲ್ಲಿ ನಾಗರಹೊಳೆಗೆ ಬಂದ ರಾಷ್ಟ್ರೀಯ ಉದ್ಯಾನದ ಪಟ್ಟ, ಒಂದೊಂದೂ ಹಾಡಿಯ ಮೇಲೆ ಬೇಲಿ ಬಿಗಿದವು. ಜೇನು, ಗೆಡ್ಡೆ, ಸೊಪ್ಪು, ಬಿದಿರು ಅಪರಾಧದ ವಸ್ತುಗಳಾದವು. ತಮ್ಮ ದೇವರ ಗುಡಿ, ಹಿರಿಯರ ಸಮಾಧಿಗಳಿಗೆ ಹೋಗಲೂ ಚೆಕ್‌ಪೋಸ್ಟಿನಲ್ಲಿ ಹೆಸರು ಹೇಳಬೇಕಾಯಿತು. ಹೊರಬಂದ ಕುಟುಂಬಗಳಲ್ಲಿ ಹಲವು ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದವು, ಹಲವು ಕಾಡಂಚಿನ ರೈತರ ಹೊಲದ ಕೂಲಿಗೆ ನಿಂತವು. ಬೆಳಗ್ಗೆ ಜೀಪು ಬಂದು ಹಾಡಿಯ ಮುಂದೆ ನಿಲ್ಲುವುದು, ಗಂಡು, ಹೆಣ್ಣು, ಮಕ್ಕಳು ಹತ್ತಿ ಕೊಡಗಿಗೆ ಹೋಗುವುದು ನಿತ್ಯದ ನೋಟವಾಯಿತು.

1990ರ ದಶಕದಲ್ಲಿ ನಾಗರಹೊಳೆಯ ಮೂರ್ಕಲ್‌ನಲ್ಲಿ ಐಷಾರಾಮಿ ವಸತಿಗೃಹ ಏಳತೊಡಗಿದಾಗ ಆದಿವಾಸಿ ಸಂಘಟನೆಗಳು ಒಂದೇ ಪ್ರಶ್ನೆ ಕೇಳಿದವು: ನಮ್ಮ ಗುಡಿಸಲು ಕಾಡಿಗೆ ಕೇಡಾದರೆ ಹೋಟೆಲು ಹೇಗೆ ಕ್ಷೇಮ? ಹೈಕೋರ್ಟು 1997ರಲ್ಲಿ ಅದನ್ನು ತಡೆಯಿತು. ಕಾಡು ಬಿಟ್ಟವರಿಗಾಗಿ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರವಾಯಿತು. ಮುಂದೆ ಹೈಕೋರ್ಟಿನ ಸೂಚನೆಯಂತೆ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ ಹಾಡಿಗಳನ್ನು ಸುತ್ತಿ, 3,418 ಕುಟುಂಬಗಳು ನೆಲೆ ಕಳೆದುಕೊಂಡಿವೆಯೆಂದು 2014ರಲ್ಲಿ ವರದಿ ಕೊಟ್ಟಿತು.

ಮನೆ, ಅಡುಗೆ, ಬೆಳಕು, ದಾರಿ

ಶತಮಾನದ ಮೊದಲರ್ಧದ ಹೆಣ್ಣುಮಕ್ಕಳ ದಿನ ಕೋಳಿ ಕೂಗುವ ಮುನ್ನ ರಾಗಿಕಲ್ಲಿನ ಮುಂದೆ ತೆರೆಯುತ್ತಿತ್ತು. ಹೋಬಳಿಗೊಂದು ಹಿಟ್ಟಿನ ಗಿರಣಿ ಬಂದದ್ದು ಅವರ ಬೆಳಗಿನ ನಿದ್ದೆಯನ್ನು ಮರಳಿಸಿತು; ಬೀಸುವ ಪದಗಳು ಮಾತ್ರ ಕಲ್ಲಿನೊಂದಿಗೇ ಮೂಲೆ ಸೇರಿದವು. ಮುದ್ದೆಗೆ ಉಪ್ಪೆಸರು, ಹುರುಳಿಕಟ್ಟಿನ ಸಾರು. ಮಳೆಗಾಲದಲ್ಲಿ ಅಣಬೆ, ಕಳಲೆ, ಏಡಿ. ಭತ್ತ ಬೆಳೆಯುವ ಎಡತೊರೆ ಕಡೆಯ ಬಡವರಿಗೂ ಅನ್ನ ಹಬ್ಬದ ಊಟವಾಗಿತ್ತು. ನ್ಯಾಯಬೆಲೆ ಅಂಗಡಿ, 1980ರ ದಶಕದ ಹಸಿರು ಪಡಿತರ ಕಾರ್ಡು ಅನ್ನವನ್ನು ದಿನದ ತಟ್ಟೆಗೆ ತಂದವು.

ಹುಲ್ಲು ಮಾಡು ಹೋಗಿ ನಾಡಹೆಂಚು, ಆಮೇಲೆ ಮಂಗಳೂರು ಹೆಂಚು, ಕೊನೆಗೆ ತಾರಸಿ ಬಂತು. 1970ರ ದಶಕದ ಜನತಾ ಮನೆಗಳು ದಲಿತ ಕೇರಿಗಳಿಗೆ ಮೊದಲ ಹೆಂಚು ಹೊದಿಸಿದವು. 1980ರ ಸುಮಾರಿಗೆ ಭಾಗ್ಯಜ್ಯೋತಿ ಅಲ್ಲಿ ಒಂದೊಂದು ಬಲ್ಬು ಹಚ್ಚಿತು. ಮುಂದಿನ ಬದಲಾವಣೆ ನೀರಿನದು. 1983ರ ನಂತರ ಸಚಿವ ಅಬ್ದುಲ್ ನಜೀರ್ ಸಾಬರ ಕೊಳವೆಬಾವಿಗಳು ಹಳ್ಳಿಹಳ್ಳಿಗೂ ಬಂದವು. ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಬಾವಿಕಟ್ಟೆಯಲ್ಲಿ ಮೇಲಿನವರು ನೀರು ಹೊಯ್ಯಲಿ ಎಂದು ಕಾಯುತ್ತಿದ್ದ ಕೇರಿಯ ಹೆಂಗಸರು ತಾವೇ ಕೈಪಂಪು ಒತ್ತಿ ಕೊಡ ತುಂಬಿಕೊಂಡರು.

ಯುದ್ಧಕಾಲದ ಇದ್ದಿಲು ಬಸ್ಸು, 1948ರ ನಂತರದ ಸರ್ಕಾರಿ ಬಸ್ಸು, ಬಾಡಿಗೆ ಸೈಕಲ್ಲು, ಊರ ಚಾವಡಿಯ ರೇಡಿಯೋ, ಟೆಂಟ್ ಸಿನಿಮಾ ಒಂದರ ಹಿಂದೊಂದು ಬಂದವು. 1970ರ ದಶಕದ ಡೈರಿ ಯೋಜನೆಯ ನಂತರ ಬೆಳಗ್ಗೆ, ಸಂಜೆ ಹಾಲಿನ ಕ್ಯಾನು ಹಿಡಿದು ಸಂಘದ ಮುಂದೆ ನಿಲ್ಲುವುದು ಹೆಂಗಸರ ಕೈಗೆ ವಾರದ ಬಟವಾಡೆ ತಂದಿತು. 1987ರ ಪಂಚಾಯಿತಿ ಚುನಾವಣೆಯಲ್ಲಿ ಶೇ 25ರಷ್ಟು, 1993ರ ಕಾಯ್ದೆಯಲ್ಲಿ ಮೂರನೇ ಒಂದರಷ್ಟು ಸ್ಥಾನ ಅವರಿಗೆ ಮೀಸಲಾಯಿತು.

ಜಾತ್ರೆ ಮತ್ತು ಸಂತೆ

ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ, ಕಾವೇರಿ ಧುಮುಕುವ ಕೋದಂಡರಾಮನ ಸನ್ನಿಧಿಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಎತ್ತುಗಳ ಜೋಡಿಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕೂಡಿಸುವ ದಲ್ಲಾಳಿಗಳು ಟ್ರಾಕ್ಟರು ಬಂದ ಮೇಲೆ ಕಡಿಮೆಯಾದರು. ಹಿನ್ನೀರಿನ ದಡದ ಕಪ್ಪಡಿಯಲ್ಲಿ ಶಿವರಾತ್ರಿಯಿಂದ ರಾಚಪ್ಪಾಜಿ ಮತ್ತು ಚೆನ್ನಾಜಮ್ಮನವರ ಜಾತ್ರೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಜಾತಿ ಕೇಳದ ಪಂಕ್ತಿಯ ಆಸೆಯನ್ನು ಈ ಸೀಮೆ ಕಾನೂನಿಗಿಂತ ಬಹಳ ಮೊದಲೇ ಆ ಹಾಡಿನಲ್ಲಿ ಕೇಳಿತ್ತು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ, ಪಿರಿಯಾಪಟ್ಟಣದ ಮಸಣಿಕಮ್ಮ ಉಳಿದ ದೊಡ್ಡ ಭಕ್ತಿನೆಲೆಗಳು.

ಶತಮಾನದ ಕೊನೆ

1990ರ ದಶಕದಲ್ಲಿ ಕೇರಳದ ಬೇಸಾಯಗಾರರು ಕೋಟೆ, ಹುಣಸೂರುಗಳಲ್ಲಿ ಹೊಲ ಗುತ್ತಿಗೆಗೆ ಹಿಡಿದು ಶುಂಠಿ ಹಾಕತೊಡಗಿದರು. ಭೂಸುಧಾರಣೆಯಲ್ಲಿ ಹೊಲ ಪಡೆದವನ ಮಗ ಅದನ್ನು ಗುತ್ತಿಗೆಗೆ ಕೊಟ್ಟು, ಅದೇ ಹೊಲದಲ್ಲಿ ಕೂಲಿಗೆ ಹೋದದ್ದೂ ಉಂಟು. ಓದಿದ ಮಕ್ಕಳು ಮೈಸೂರಿನ ಕಾರ್ಖಾನೆಗಳಿಗೆ, ಬೆಂಗಳೂರಿಗೆ ಹೋದರು.

ಈ ನೂರು ವರ್ಷಗಳನ್ನು ಒಟ್ಟಿಗೆ ನೋಡುವವರು 1974ರಲ್ಲಿ ಒಂದು ಗಳಿಗೆ ನಿಲ್ಲಬೇಕು. ಆ ಮಾರ್ಚಿನಲ್ಲಿ ಗೇಣಿದಾರನಿಗೆ ಭೂಮಿ ಕೊಡುವ ಕಾನೂನು ಬಂತು. ಅದೇ ವರ್ಷ ಕಬಿನಿಯ ಕೆಲಸ ಮುಗಿಯಿತು. ಅದೇ ದಶಕದಲ್ಲಿ ಹಾಡಿಗಳು ಖಾಲಿಯಾಗತೊಡಗಿದವು. ಉಳುವವನೇ ಹೊಲದೊಡೆಯ ಎಂಬ ಮಾತು ನೇಗಿಲು ಹಿಡಿದವನನ್ನು ಕಂಡಿತು. ಜೇನು ಕೀಳುವವನ ಕೈಯಲ್ಲಿ ನೇಗಿಲಿರಲಿಲ್ಲ, ಅವನ ಕಾಡಿಗೆ ಪಹಣಿಯಿರಲಿಲ್ಲ. ಏಳನೇ ನಮೂನೆಯಲ್ಲಿ ಅವನು ತುಂಬಬಹುದಾದ ಕಲಮೇ ಇರಲಿಲ್ಲ.

ಅವನಿಗೊಂದು ಅರ್ಜಿ ನಮೂನೆ ಬರಲು 2006ರ ಅರಣ್ಯ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು. ಗ್ರಾಮಸಭೆ ಒಪ್ಪಿದ ಆ ಅರ್ಜಿ ಮುಂದೆ ಹೋಗುವುದು ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿರುವ ಸಮಿತಿಯ ಮುಂದಕ್ಕೆ. ಗೇಣಿದಾರರ ಅರ್ಜಿಗಳನ್ನು ಕೇಳಿದ ಭೂನ್ಯಾಯಮಂಡಳಿಗೂ ಅದೇ ಹುದ್ದೆಯವರೇ ಅಧ್ಯಕ್ಷರಾಗಿದ್ದರು. ರಸೀತಿಯಿಲ್ಲದ ಗೇಣಿದಾರನ ಪರವಾಗಿ ಅಂದು ಪಕ್ಕದ ಹೊಲದವನ ಮಾತನ್ನು ಸಾಕ್ಷಿಯೆಂದು ಒಪ್ಪಿಕೊಂಡ ಸೀಮೆ ಇದು. ಹಾಡಿಯ ಹಿರಿಯರು ಕಾಡಿನೊಳಗಿನ ಗುಡಿ, ಸಮಾಧಿ, ಜೇನಿನ ಮರಗಳನ್ನು ತೋರಿಸಿ ಹೇಳುವ ಮಾತಿಗೂ ಅದೇ ತೂಕ ಸಲ್ಲಬೇಕು.